ನೀಲಿ ಚಿಂದಿ

ಗುಂಡಿ ಒತ್ತಿದರೆ ಮೋಟಾರು ನಿಲ್ಲುತ್ತದೆ ಎಂದು ನಂಬದವರು ಯಾರಿದ್ದಾರೆ? ಫ್ಯಾನು ಆರಿಸಿ ಎದ್ದುಹೋಗುವವನು ಅದರ ರೆಕ್ಕೆ ನಿಂತಿತೋ ಇಲ್ಲವೋ ಎಂದು ತಿರುಗಿ ನೋಡುವುದಿಲ್ಲ. ಆದರೆ ಆ ಲಾಂಡ್ರಿಯ ಎಲೆಕ್ಟ್ರಿಷಿಯನ್ ಹಾಗೆ ನಂಬುವಂತಿರಲಿಲ್ಲ. ಗುಂಡಿ ಒತ್ತಿದರೆ ನಿಲ್ಲುವುದು ಕರೆಂಟು ಮಾತ್ರ. ಮೋಟಾರು ತನ್ನ ಪಾಡಿಗೆ ತಾನು ತಿರುಗುತ್ತಲೇ ಇರುತ್ತದೆ, ಹೊತ್ತ ಭಾರ ಹೆಚ್ಚಾದಷ್ಟೂ ಹೆಚ್ಚು ಹೊತ್ತು. ಈ ಮಾತನ್ನು ಅವನು ಹೇಳಿ ಹೇಳಿ, ಕೇಳುವವರಿಗೆ ಅದು ಅವನ ಕೆಮ್ಮಿನಷ್ಟೇ ಮಾಮೂಲಾಗಿತ್ತು. ಹೆಂಗಸರು ಅವನಿಗೆ ಫ್ಯೂಸಣ್ಣ ಎಂದು ಹೆಸರಿಟ್ಟಿದ್ದರು. ಸಣ್ಣದಕ್ಕೆಲ್ಲ ಸುಟ್ಟುಹೋಗುತ್ತಾನೆ ಎಂದು.

ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿ ಅದು. ಉದ್ದನೆಯ ಶೆಡ್ಡು, ಎತ್ತರದಲ್ಲಿ ಕಿಟಕಿಗಳು, ಸದಾ ಒದ್ದೆಯಾದ ನೆಲ. ಒಂದು ಬದಿಗೆ ಒಗೆಯುವ ಯಂತ್ರಗಳು, ಇನ್ನೊಂದು ಬದಿಗೆ ಇಸ್ತ್ರಿ ಮಾಡುವ ಬಿಸಿ ಉರುಳೆಗಳು. ನಡುವೆ ಬಟ್ಟೆಯ ನೀರು ಹಿಂಡುವ ಡ್ರಮ್ಮು. ಸೊಂಟದೆತ್ತರದ ಉಕ್ಕಿನ ಕವಚ, ಅದರೊಳಗೆ ಮೈತುಂಬ ತೂತಿದ್ದ ಬುಟ್ಟಿ. ಒದ್ದೆ ಬಟ್ಟೆ ತುಂಬಿ ಗುಂಡಿ ಒತ್ತಿದರೆ ಬುಟ್ಟಿ ಗಿರಗಿರ ಸುತ್ತಿ ನೀರನ್ನೆಲ್ಲ ಹೊರಗೆ ಎಸೆಯುತ್ತಿತ್ತು. ಹೆಂಗಸರ ಬಾಯಲ್ಲಿ ಅದು ಕೊಪ್ಪರಿಗೆ. ಎಲೆಕ್ಟ್ರಿಷಿಯನ್ನಿನ ಕಣ್ಣು ಯಾವಾಗಲೂ ಆ ಕೊಪ್ಪರಿಗೆಯ ಮೇಲೆ. ಅದರ ಮುಂದೆ ನಿಲ್ಲುತ್ತಿದ್ದವಳು ಅವನ ಹೆಂಡತಿ.

ಕೊಪ್ಪರಿಗೆಯದು ಒಂದು ಮೋಸವಿತ್ತು. ಒಳಗಿದ್ದದ್ದು ಬರೀ ಬಿಳಿ ಬಟ್ಟೆ. ಸುತ್ತುವಾಗ ಅದು ಬುಟ್ಟಿಯ ಗೋಡೆಗೆ ಅಂಟಿಕೊಂಡು ಒಂದೇ ಬಿಳುಪಾಗಿಬಿಡುತ್ತಿತ್ತು. ಮುಚ್ಚಳ ತೆಗೆದು ಬಗ್ಗಿದರೆ ಬುಟ್ಟಿ ತಿರುಗುತ್ತಿದೆಯೋ ನಿಂತಿದೆಯೋ ಯಾರಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಹಿಂದಿನವರು ಒಂದು ಉಪಾಯ ಮಾಡಿಟ್ಟಿದ್ದರು. ಬಟ್ಟೆ ತುಂಬಿದ ಮೇಲೆ ಎಲ್ಲಕ್ಕಿಂತ ಮೇಲೆ ಒಂದು ನೀಲಿ ಚಿಂದಿ ಇಡುವುದು. ತಿರುಗುವಾಗ ಚಿಂದಿ ಒಂದು ನೀಲಿ ಗೆರೆಯಾಗುತ್ತಿತ್ತು. ಗೆರೆ ಒಡೆದು ಚುಕ್ಕೆಯಾಗಿ, ಚುಕ್ಕೆ ಮತ್ತೆ ಚಿಂದಿಯಾದ ಮೇಲೆ ಕೈ ಹಾಕಬಹುದು. ಅಲ್ಲಿಯವರೆಗೆ ಕಾಯಬೇಕು. ಆ ಕಾಯುವಿಕೆಯೇ ಹೆಂಗಸರ ವಿಶ್ರಾಂತಿ. ಬಟ್ಟೆ ಹೊರುವ ಬುಟ್ಟಿಗಳನ್ನು ಬೋರಲು ಹಾಕಿ ಕೂತು, ಕಾಲು ಚಾಚಿ, ಇಲ್ಲದವರ ಮೇಲೆ ಎರಡು ಮಾತಾಡಿ ಮುಗಿಸುವಷ್ಟು ಹೊತ್ತು ಕೊಪ್ಪರಿಗೆ ಸುಸ್ತಾಗುತ್ತ ಕೂತಿರುತ್ತಿತ್ತು.

ಮೇಸ್ತ್ರಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಹೊಟ್ಟೆಯುರಿಯ ಮಾತ್ರೆ ಜಗಿಯುತ್ತ ಓಡಾಡುವ ಆಸಾಮಿ. ಮೇಲಿನಿಂದ ಮಾಲೀಕ ಒದ್ದರೆ ಕೆಳಗಿನವರಿಗೆ ದಾಟಿಸುವುದೇ ಅವನ ಕೆಲಸ.

"ಅದೇನು ಮುದುಕನ ಆಕಳಿಕೆನಾ, ಮುಗಿಯೋದೇ ಇಲ್ಲ! ಇದಕ್ಕೊಂದು ಬ್ರೇಕ್ ಹಾಕಯ್ಯ."

"ಕಾಲಲ್ಲಿ ತುಳಿಯೋ ಬ್ರೇಕ್ ಇದೆ ಸಾರ್. ಪಟ್ಟಿ ಸವೆದು ಎಷ್ಟೋ ಕಾಲ ಆಯ್ತು. ಹೊಸ ಪಟ್ಟಿ ತರಿಸಿಕೊಡಿ."

"ಆ ಓಬೀರಾಯನ ಕಾಲದ್ದು ಯಾಕೆ? ಕರೆಂಟಲ್ಲೇ ನಿಲ್ಸೋದು ಬಂದಿದೆಯಂತಲ್ಲ."

ಬಂದಿತ್ತು. ಎಲೆಕ್ಟ್ರಿಷಿಯನ್ನಿಗೆ ಅದು ಗೊತ್ತಿತ್ತು, ಮಾಡಿ ನೋಡಬೇಕೆಂಬ ಆಸೆಯೂ ಇತ್ತು. ಅವನು ಮೇಸ್ತ್ರಿಯ ಮುಂದೆ ಒಂದೇ ಶರತ್ತು ಇಟ್ಟ. ಬ್ರೇಕಿನ ಜೊತೆಗೆ ಮುಚ್ಚಳಕ್ಕೊಂದು ಬೀಗ ಬೇಕು. ಬುಟ್ಟಿ ಪೂರ್ತಿ ನಿಲ್ಲುವ ತನಕ ಏನು ಮಾಡಿದರೂ ತೆರೆಯದ ಬೀಗ.

"ಆರ್ಡರ್ ಹಾಕ್ತೀನಿ. ನೀನು ಬ್ರೇಕ್ ಶುರು ಮಾಡು," ಎಂದ ಮೇಸ್ತ್ರಿ.

ಬ್ರೇಕ್ ಕೂರಿಸಿದ ದಿನ ಎಲೆಕ್ಟ್ರಿಷಿಯನ್ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡ. ಹೆಂಡತಿ ಪಕ್ಕದಲ್ಲೇ ಇದ್ದಳು. ಅವಳ ತಂಗಿ ಇಸ್ತ್ರಿಯ ಕಡೆಯಿಂದ ಬಂದು ಮುಂದೆ ನಿಂತಳು. ಈ ನಾದಿನಿಗೆ ಭಾವನ ಕಾಲೆಳೆಯದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ.

"ಗುಂಡಿ ಒತ್ತಿದ ತಕ್ಷಣ ತಿರುಗಿಸೋ ಕರೆಂಟು ಹೋಗುತ್ತೆ," ಎಂದು ಅವನು ಶುರು ಮಾಡಿದ. "ಹೋದ ಮರುಕ್ಷಣ ಇನ್ನೊಂದು ಥರದ ಕರೆಂಟು ಬರುತ್ತೆ. ಇದು ತಿರುಗ್ಸೋದಲ್ಲ, ಹಿಡ್ಕೊಳ್ಳೋದು. ಮೋಟಾರಿನ ಹೊಟ್ಟೇನ ಒಳಗಿಂದಾನೇ ಗಟ್ಟಿಯಾಗಿ ಹಿಡ್ಕೊಂಡುಬಿಡುತ್ತೆ."

"ಅಂದ್ರೆ ಓಡೋಕೂ ಕರೆಂಟು, ನಿಲ್ಲೋಕೂ ಕರೆಂಟಾ ಭಾವ?"

"ಹೂಂ."

"ನಮ್ಮ ಮನೆಯವರ ಥರ ಆಯ್ತು ಬಿಡಿ. ಕೆಲಸಕ್ಕೆ ಹೋಗೋಕೂ ಕುಡೀಬೇಕು, ಹೋಗದೇ ಇರೋಕೂ ಕುಡೀಬೇಕು."

ಎಲ್ಲರೂ ನಕ್ಕರು. ಅವನು ನಗಲಿಲ್ಲ. "ನಗೋದು ಆಮೇಲೆ. ಒಂದು ಮಾತು ತಲೇಲಿ ಇಟ್ಕೊಳ್ಳಿ. ಕರೆಂಟು ಹೋದ್ರೆ ಈ ಬ್ರೇಕೂ ಹೋಯ್ತು. ಆಗ ಇದು ಹಳೇ ಕೊಪ್ಪರಿಗೇನೇ. ಅದರ ಪಾಡಿಗೆ ಅದು ಸುತ್ತಿ ಸುತ್ತಿ ನಿಲ್ಲಬೇಕು."

ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದರಿಂದ ಯಾರಿಗೂ ನಷ್ಟವಿಲ್ಲ.

ಆಮೇಲೆ ಅವನು ಕೊಪ್ಪರಿಗೆ ಓಡಿಸಿ ಕೆಂಪು ಗುಂಡಿ ಒತ್ತಿದ. ಒಳಗಿನಿಂದ ಗೊರ್ ಎಂಬ ಸದ್ದು ಬಂತು. ನೀಲಿ ಗೆರೆ ನೋಡನೋಡುತ್ತಲೇ ಮುದುಡಿ ಚಿಂದಿಯಾಗಿ ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು. ಅವನಿಗೆ ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳು.

ಬೀಗ ಬರಲಿಲ್ಲ. ವಾರಕ್ಕೊಮ್ಮೆ ಕೇಳುತ್ತಿದ್ದ. ಮೇಸ್ತ್ರಿ ವಾರಕ್ಕೊಮ್ಮೆ "ಬರೋ ವಾರ" ಎನ್ನುತ್ತಿದ್ದ. ಅಷ್ಟರಲ್ಲಿ ಹೆಂಡತಿಯ ಕೈ ಹೊಸ ಪಾಠ ಕಲಿತಿತ್ತು. ಅವಳು ಗುಂಡಿ ಒತ್ತುತ್ತಿದ್ದಳು, ಹಿಂದೆ ತಿರುಗಿ ಖಾಲಿ ಗಾಡಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು, ಎಡಗೈಯಿಂದ ಮುಚ್ಚಳ ಎತ್ತಿ ಬಲಗೈ ಒಳಗೆ ಹಾಕುತ್ತಿದ್ದಳು. ಗಾಡಿ ಎಳೆಯಲು ಹಿಡಿಯುವ ಹೊತ್ತೂ ಕೊಪ್ಪರಿಗೆ ನಿಲ್ಲಲು ಹಿಡಿಯುವ ಹೊತ್ತೂ ಅಳೆದು ಕೊಟ್ಟಂತೆ ಸರಿಹೋಗುತ್ತಿತ್ತು. ಅವಳು ಒಳಗೆ ನೋಡುತ್ತಲೇ ಇರಲಿಲ್ಲ. ತಂಗಿಯ ಜೊತೆ ಮಾತಾಡುತ್ತ, ಮುಖ ಆ ಕಡೆ, ಕೈ ಈ ಕಡೆ. ಒಂದು ದಿನ ಊಟದ ಮೇಜು ಒರೆಸಲು ಯಾರೋ ನೀಲಿ ಚಿಂದಿ ತೆಗೆದುಕೊಂಡದ್ದು ಅವನ ಕಣ್ಣಿಗೆ ಬಿತ್ತು. ಆ ಸಂಜೆಯೇ ಗುಂಡಿಗಳಿದ್ದ ಪ್ಯಾನೆಲ್ ಬಿಚ್ಚಿ ಬ್ರೇಕಿನ ಒಂದು ವೈರು ಕಿತ್ತುಬಿಟ್ಟ.

ಮರುದಿನ ಕೊಪ್ಪರಿಗೆ ಹಳೆಯ ಹಾಗೆ ಸುತ್ತಿತು. ಮೇಸ್ತ್ರಿ ಕೂಗಾಡಿದ. ಬ್ರೇಕಿನ ಕಾಯಿಲ್ ಸುಟ್ಟಿದೆ, ಬೀಗ ಬಂದಾಗ ಎರಡೂ ಒಟ್ಟಿಗೆ ಸರಿ ಮಾಡುತ್ತೇನೆ ಎಂದು ಎಲೆಕ್ಟ್ರಿಷಿಯನ್ ಸುಳ್ಳು ಹೇಳಿದ. ಮೇಸ್ತ್ರಿ ನಂಬಿದ. ಹೆಂಡತಿ ನಂಬಲಿಲ್ಲ. ಮನೆಗೆ ಬಂದು ಚೀಲ ಇಡುವ ಮೊದಲೇ ಹಿಡಿದುಕೊಂಡಳು.

"ಏನೂ ಸುಟ್ಟಿಲ್ಲ. ಸುಳ್ಳು ಹೇಳಿದ್ರೆ ನಿಮ್ಮ ಕಿವಿ ಕೆಂಪಗಾಗುತ್ತೆ. ಬೆಳಗ್ಗೆ ಟೊಮೇಟೊ ಆಗಿತ್ತು."

"ನಿನ್ನ ಕೈ ನೋಡ್ತಾ ಇದೀನಿ ನಾನು. ಕಣ್ಣು ಮುಚ್ಚಿ ಹಾಕ್ತೀಯ ಅದರೊಳಗೆ."

"ನಿಂತ ಮೇಲೆ ತಾನೇ ಹಾಕೋದು?"

"ನಿಂತಿದೆ ಅಂತ ನಿನಗೆ ಯಾರು ಹೇಳಿದ್ರು?"

"ನೀವೇ! ನೀವೇ ತಾನೇ ಬ್ರೇಕ್ ಕೂರಿಸಿದ್ದು?" ಎಂದು ಅವಳು ಚೀಲವನ್ನು ದೊಪ್ಪನೆ ಇಟ್ಟಳು. "ಇಷ್ಟು ದಿನ ಕೆಲಸ ಬೇಗ ಮುಗೀತಿತ್ತು. ಮಗಳು ಸ್ಕೂಲಿಂದ ಬರೋ ಹೊತ್ತಿಗೆ ಬಾಗಿಲು ತೆಗೆದಿರ್ತಿದ್ದೆ. ಇವತ್ತು ನೋಡಿ, ಬೀಗದ ಮುಂದೆ ಮೆಟ್ಟಿಲ ಮೇಲೆ ಕೂತಿದ್ದಾಳೆ. ಕೆಳಗಿನ ಮನೆಯವನು ಅವಳ ಪಕ್ಕ ಕೂತ್ಕೊಂಡು ಅದೇನೋ ಕಥೆ ಹೇಳ್ತಿದ್ದ. ಅವನು ಎಂಥವನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಿಮಗೆ ನನ್ನ ಕೈ ಚಿಂತೆ. ನನಗೆ ಅವಳ ಚಿಂತೆ."

ಮಗಳು ಒಳಗಿನಿಂದ ಇಣುಕಿ ನೋಡಿ ಹೋದಳು. ಇಬ್ಬರ ಮಾತೂ ಸರಿಯಿದ್ದಾಗ ಜಗಳ ಮುಗಿಯುವುದಿಲ್ಲ, ಒಬ್ಬರು ಸುಸ್ತಾಗುತ್ತಾರೆ. ಸುಸ್ತಾದವನು ಅವನೇ.

"ಚಿಂದಿ ಹಾಕ್ತೀಯಾ?"

"ಹಾಕ್ತೀನಿ ಮಹರಾಯರೇ."

"ನೋಡಿ ಕೈ ಹಾಕ್ತೀಯಾ?"

"ನಿಮ್ಮ ಮೇಲಾಣೆ. ಸಾಕಾ?"

ಅವನು ವೈರು ಸೇರಿಸಿದ.

ಅವಳು ಮಾತಿಗೆ ತಪ್ಪಲಿಲ್ಲ. ಪ್ರತಿ ಸಲ ಚಿಂದಿ ಹಾಕಿದಳು, ಬಗ್ಗಿ ನೋಡಿದಳು. ಪ್ರತಿ ಸಲವೂ ಚಿಂದಿ ಅಲುಗದೆ ಬಿದ್ದಿರುತ್ತಿತ್ತು. ಯಾವಾಗ ಕೇಳಿದರೂ ಒಂದೇ ಮಾತು ಹೇಳುವ ಸಾಕ್ಷಿಯನ್ನು ಎಷ್ಟು ದಿನ ಕೇಳುವುದು? ಚಿಂದಿ ಹಾಕುವುದು ಉಳಿಯಿತು, ನೋಡುವುದು ತಪ್ಪಿತು. ನೋಡದ ಚಿಂದಿ ಒಂದು ದಿನ ಬಿಳಿ ಬಟ್ಟೆಗಳ ಜೊತೆ ಗಾಡಿಗೆ ಬಿತ್ತು, ಇಸ್ತ್ರಿಯಾಯಿತು, ಮಡಿಕೆಯ ನಡುವೆ ಕೂತು ಒಂದು ಹೋಟೆಲಿನ ಗಂಟು ಸೇರಿತು. ಹೋಟೆಲಿನವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸತ್ತ ಇಲಿಯನ್ನು ಕಳಿಸಿದ ಹಾಗೆ ವಾಪಸು ಕಳಿಸಿದರು. ಮಾಲೀಕ ಮೇಸ್ತ್ರಿಯನ್ನು ಒದ್ದ. ಮೇಸ್ತ್ರಿ ಶೆಡ್ಡಿಗೆ ಬಂದು ಚೀಲವನ್ನು ಎತ್ತಿ ಹಿಡಿದ.

"ಇನ್ನೊಂದ್ಸಲ ಈ ದರಿದ್ರ ಚಿಂದಿ ನನ್ನ ಕಣ್ಣಿಗೆ ಬಿದ್ರೆ ಹಾಕಿದವರನ್ನೇ ಮನೆಗೆ ಕಳಿಸ್ತೀನಿ. ಬ್ರೇಕ್ ಇದೆ, ಇನ್ನೇನು ಬೇಕು ನಿಮಗೆ?"

ಚಿಂದಿ ಕಸದ ಡಬ್ಬಕ್ಕೆ ಹೋಯಿತು. ಎಲೆಕ್ಟ್ರಿಷಿಯನ್ ಬೀಗದ ವಿಷಯ ಎತ್ತಿದ. "ಬರೋ ವಾರ," ಎಂದು ಮೇಸ್ತ್ರಿ ಮಾತ್ರೆ ಬಾಯಿಗೆ ಹಾಕಿಕೊಂಡ. ಮತ್ತೆ ವೈರು ಕೀಳಬೇಕು ಎಂದು ಅವನಿಗೆ ಅನ್ನಿಸಿತು. ಕೀಳಲಿಲ್ಲ. ಮನೆಯಲ್ಲಿ ಮತ್ತೊಂದು ಜಗಳಕ್ಕೆ ಮೈಯಲ್ಲಿ ಕಸುವಿರಲಿಲ್ಲ, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಅದಾಗಿ ಕೆಲವು ದಿನಕ್ಕೆ, ಒಂದು ಬೆಳಗಿನ ಹೊತ್ತು. ಎತ್ತರದ ಕಿಟಕಿಗಳಿಂದ ಬಿಸಿಲು ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಶೆಡ್ಡಿನ ಆ ತುದಿಯಲ್ಲಿ ಏಣಿಯ ಮೇಲೆ ನಿಂತು ಟ್ಯೂಬ್‌ಲೈಟು ಬದಲಿಸುತ್ತಿದ್ದ. ಅಲ್ಲಿಂದ ಹೆಂಡತಿಯ ಬೆನ್ನು ಕಾಣುತ್ತಿತ್ತು. ಅವಳು ಕೆಂಪು ಗುಂಡಿ ಒತ್ತಿದಳು. ಒತ್ತಿದ ಬೆರಳು ಹಿಂದಕ್ಕೆ ಬರುವ ಮೊದಲೇ ಕರೆಂಟು ಹೋಯಿತು.

ಕರೆಂಟು ಹೋದರೆ ಆ ಶೆಡ್ಡಿನಲ್ಲಿ ಯಾವಾಗಲೂ ಒಂದು ಸಂತೋಷದ ಗದ್ದಲ ಏಳುತ್ತಿತ್ತು. "ಹೋಯ್ತು!" ಎಂದು ಹೆಂಗಸರು ಒಟ್ಟಿಗೆ ಕೂಗಿದರು. ಒಗೆಯುವ ಯಂತ್ರಗಳು ನೀರಿನ ಭಾರಕ್ಕೆ ಥಟ್ಟನೆ ನಿಂತವು. ಇಸ್ತ್ರಿಯ ಉರುಳೆಗಳು ನಿಂತವು. ಇಡೀ ಶೆಡ್ಡು ಉಸಿರುಬಿಟ್ಟು ಸುಮ್ಮನಾಯಿತು. ಸುತ್ತುತ್ತಿದ್ದದ್ದು ಕೊಪ್ಪರಿಗೆಯೊಂದೇ, ಅದೂ ಸದ್ದಿಲ್ಲದೆ. ಹಿಡಿದು ನಿಲ್ಲಿಸುವ ಗೊರ್ ಎಂಬ ಸದ್ದು ಬರಲಿಲ್ಲ. ಬರಲಿಲ್ಲ ಎಂಬುದು ಅಷ್ಟು ಜನರಲ್ಲಿ ಗೊತ್ತಾದದ್ದು ಏಣಿಯ ಮೇಲಿದ್ದವನಿಗೆ ಮಾತ್ರ.

"ಏ! ಕೈ!" ಎಂದು ಅವನು ಕಿರುಚಿದ.

ಅವಳು ತಿರುಗಿ ನೋಡಿದಳು. ಅಷ್ಟರಲ್ಲಿ ಗಾಡಿ ಎಳೆದಾಗಿತ್ತು. ಕರೆಂಟು ಹೋದ ಖುಷಿಯ ನಗು ಇನ್ನೂ ಮುಖದ ಮೇಲೆ ಇತ್ತು. ಏನಂತೆ ಎಂಬಂತೆ ಹುಬ್ಬು ಏರಿಸಿ ಗಂಡನನ್ನು ನೋಡುತ್ತಿರುವಾಗಲೇ ಅವಳ ಎಡಗೈ ಮುಚ್ಚಳ ಎತ್ತಿತು, ಬಲಗೈ ಒಳಗೆ ಹೋಯಿತು.

ಸುತ್ತುವ ಬಟ್ಟೆ ಕೈಯನ್ನು ಸುತ್ತಿಕೊಂಡಿತು. ಆಮೇಲೆ ಬಂದ ಸದ್ದು ಹಸಿ ಕೊಂಬೆ ಮುರಿದದ್ದಲ್ಲ, ಬಟ್ಟೆ ಹರಿದದ್ದಲ್ಲ. ಅದಕ್ಕೆ ಹೋಲಿಕೆ ಹುಡುಕುವುದು ಬೇಡ.

ಅವನು ಏಣಿಯಿಂದ ಬಿದ್ದನೋ ಇಳಿದನೋ ಅವನಿಗೇ ನೆನಪಿಲ್ಲ. ಓಡಿಬಂದು ಕೆಂಪು ಗುಂಡಿ ಒತ್ತಿದ. ಮತ್ತೆ ಒತ್ತಿದ. ಕರೆಂಟಿಲ್ಲ, ಬ್ರೇಕಿಲ್ಲ ಎಂದು ಲೋಕಕ್ಕೆಲ್ಲ ಪಾಠ ಹೇಳಿದವನು ಆ ಸತ್ತ ಗುಂಡಿಯನ್ನು ಹೆಬ್ಬೆರಳು ನೀಲಿಯಾಗುವಂತೆ ಒತ್ತುತ್ತಿದ್ದ. ಕಾಲಿನ ಬ್ರೇಕು ತುಳಿದ. ಅದು ಖಾಲಿಯಾಗಿ ನೆಲಕ್ಕೆ ತಾಗಿತು. ಕೊನೆಗೆ ಒದ್ದೆ ಬಟ್ಟೆಯ ಮುದ್ದೆಯೊಂದನ್ನು ಮೋಟಾರಿನ ಬೆಲ್ಟಿಗೆ ತುರುಕಿ ಮೈಭಾರವೆಲ್ಲ ಹಾಕಿ ಒತ್ತಿ ಹಿಡಿದ. ಬೆಲ್ಟು ಕಿರುಚಿತು, ಹೊಗೆಯೆದ್ದಿತು. ಕೊಪ್ಪರಿಗೆ ತನಗೆ ತೋಚಿದಾಗ ನಿಂತಿತು.

ಶೆಡ್ಡಿನ ತುಂಬ ಬಟ್ಟೆ. ಕಟ್ಟಲು ಒಂದು ಒಣ ಬಟ್ಟೆ ಯಾರ ಕೈಗೂ ಸಿಗಲಿಲ್ಲ. ನಾದಿನಿ ಓಡಿಹೋಗಿ ಇಸ್ತ್ರಿಯಾದ ಗಂಟೊಂದನ್ನು ಹಲ್ಲಿನಿಂದ ಕಚ್ಚಿ ಹರಿದಳು.

"ಅದು ಎಣಿಸಿ ಕಟ್ಟಿದ್ದು," ಎಂದ ಮೇಸ್ತ್ರಿ.

ಅವನ ಬಾಯಿಂದ ಅದು ತಾನಾಗಿ ಬಂದ ಮಾತು. ಹೇಳಿದ ಮೇಲೆ ತಾನೇ ಗೋಡೆಯ ಕಡೆ ತಿರುಗಿ ವಾಂತಿ ಮಾಡಿಕೊಂಡ. ಅವಳನ್ನು ಎತ್ತಿ ಬಾಗಿಲು ದಾಟಿಸುವಾಗ ಟ್ಯೂಬ್‌ಲೈಟುಗಳು ಮಿಣುಕಿ ಹತ್ತಿಕೊಂಡವು.

ಮೊಣಕೈಯಿಂದ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವಳಿಗೆ ಪೂರ್ತಿ ಎಚ್ಚರವಾದಾಗ ಅವನು ಪಕ್ಕದಲ್ಲಿದ್ದ. ಅವಳು ಎಡಗೈಯಿಂದ ಹಾಸಿಗೆ ಬಟ್ಟೆಯ ಅಂಚು ತಡವಿ, ಮೂಲೆಯಲ್ಲಿದ್ದ ಲಾಂಡ್ರಿಯ ಹೊಲಿಗೆ ಗುರುತನ್ನು ಕಣ್ಣ ಹತ್ತಿರ ತಂದುಕೊಂಡಳು.

"ನಮ್ಮದೇ," ಎಂದಳು. ಅಂಚನ್ನು ಬೆರಳಿನಿಂದ ತೀಡಿ, "ಇಸ್ತ್ರಿ ಸರಿ ಬಿದ್ದಿಲ್ಲ," ಎಂದಳು.

ಇಲ್ಲದ ಬೆರಳುಗಳು ನೋಯುತ್ತವೆ ಎಂದು ಡಾಕ್ಟರಿಗೆ ಹೇಳಿದಳು. ಹೇಗೆ ನೋಯುತ್ತವೆ ಎಂದು ಅವರು ಕೇಳಿದರು. "ಇನ್ನೂ ಹಿಂಡ್ತಾ ಇದೆ ಸಾರ್. ನಿಂತೇ ಇಲ್ಲ." ಕೆಲವರಿಗೆ ಹಾಗಾಗುತ್ತದೆ, ಕಾಲ ಕಳೆದಂತೆ ಕಡಿಮೆಯಾಗಬಹುದು ಎಂದರು ಡಾಕ್ಟರು. ಆಗಬಹುದು ಎಂದದ್ದನ್ನು ಗಂಡ ಗಮನಿಸಿದ. ಅವಳೂ ಗಮನಿಸಿದಳು.

"ನಾನು ಹೇಳಿದ್ದೆ," ಎಂಬ ಮಾತು ಎಷ್ಟೋ ಸಲ ಅವನ ನಾಲಿಗೆಯ ತುದಿಗೆ ಬಂದು ಹೋಯಿತು. ನಿಜವೇ, ಹೇಳಿದ್ದ. ಹೇಳಿದ್ದು ಅವಳ ಕಿವಿಗೆ. ಕೈಗೆ ಪಾಠ ಕಲಿಸಿದ್ದು ಅವನು ಕೂರಿಸಿದ ಬ್ರೇಕು. ಅದು ದಿನವೂ ಬಿಡದೆ, ಒಮ್ಮೆಯೂ ತಪ್ಪದೆ ಕಲಿಸಿತ್ತು.

ಬೀಗ ಆ ವಾರವೇ ಬಂತು. ಕಾಲಿನ ಬ್ರೇಕಿಗೆ ಹೊಸ ಪಟ್ಟಿಯೂ ಬಂತು. ಎರಡನ್ನೂ ಅವನೇ ಕೂರಿಸಿದ. ಬೀಗ ಒಳ್ಳೆಯದಿತ್ತು. ಬುಟ್ಟಿ ನಿಂತು, ಕರೆಂಟು ಇದ್ದರೆ ಮಾತ್ರ ಬಿಡುತ್ತಿತ್ತು. ಕರೆಂಟು ಹೋದರೆ ಬಿಗಿಯಾಗಿ ಕಚ್ಚಿಕೊಂಡಿರುತ್ತಿತ್ತು. ಡಬ್ಬ ಬಿಚ್ಚಿ ಕೂರಿಸುವ ಕೆಲಸ ಒಂದು ಬೆಳಗಿನಲ್ಲಿ ಮುಗಿಯಿತು. ಅಷ್ಟು ಬೇಗ ಮುಗಿದದ್ದು ಅವನಿಗೆ ಸಹಿಸಲಾಗಲಿಲ್ಲ.

ಗಾಯ ಒಣಗಿದ ಮೇಲೆ ಮೇಸ್ತ್ರಿ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತ.

"ಪ್ಯಾನೆಲ್ ಹತ್ರ ಒಬ್ಬರು ಬೇಕು. ಹಸಿರು ಒತ್ತೋದು, ಕೆಂಪು ಒತ್ತೋದು, ಅಷ್ಟೇ. ಅದಕ್ಕೆ... ಒಂದು ಕೈ ಸಾಕು." ಹೇಳಿ ಮುಗಿಸಿ ನೆಲ ನೋಡಿದ.

"ಬೇಡ," ಎಂದ ಗಂಡ.

"ಬರ್ತೀನಿ," ಎಂದಳು ಅವಳು. ಮೇಸ್ತ್ರಿ ಹೋದ ಮೇಲೆ ಗಂಡನ ಕಡೆ ತಿರುಗಿದಳು. "ಮತ್ತೇನು ಮಾಡ್ಲಿ ಮನೇಲಿ? ನಿಮ್ಮ ಮುಖ ನೋಡ್ತಾ ಕೂತ್ಕೊಳ್ಳಲಾ? ಅದರಲ್ಲಿ ನೋಡೋಕೆ ಏನಿದೆ?"

ಅವಳು ಕೆಲಸಕ್ಕೆ ಹೊರಡುವ ದಿನ ಮಗಳು ಚಿಕ್ಕಮ್ಮನ ಹತ್ತಿರ ಹೋಗಿ ಜಡೆ ಕತ್ತರಿಸಿಕೊಂಡು ಬಂದಳು. ಅಮ್ಮನಿಗೆ ಹೆಣೆಯಲು ಆಗುವುದಿಲ್ಲ, ಅಪ್ಪನಿಗೆ ಬರುವುದಿಲ್ಲ, ಸ್ಕೂಲಿಗೆ ತಡವಾಗುತ್ತದೆ, ಅದಕ್ಕೆ ಎಂದಳು. ಅಳಲಿಲ್ಲ. ಅಮ್ಮ ಅವಳ ಬೋಳು ಕತ್ತನ್ನು ನೋಡಿ, "ಚೆನ್ನಾಗಿದೆ," ಎಂದಳು. ಮಗಳು ಮತ್ತೆ ಮನೆಯ ಬೀಗದ ಮುಂದೆ ಕೂರಬಾರದೆಂದು ಸ್ಕೂಲಿನಿಂದ ನೇರ ಲಾಂಡ್ರಿಗೇ ಬರುವುದು ಎಂದಾಯಿತು. ಇದನ್ನು ಮೊದಲೇ ಮಾಡಬಹುದಿತ್ತು ಎಂದು ಮೂವರಿಗೂ ಹೊಳೆಯಿತು.

ಆಗಾಗ ಬೀಗವನ್ನು ಪರೀಕ್ಷೆ ಮಾಡಬೇಕೆಂದು ಮಾಲೀಕನ ಕಟ್ಟಪ್ಪಣೆಯಾಗಿತ್ತು. ಕೊಪ್ಪರಿಗೆ ಪೂರ್ತಿ ವೇಗದಲ್ಲಿರುವಾಗ ಮೇನ್ ಸ್ವಿಚ್ ಇಳಿಸಿ, ಮುಚ್ಚಳ ಜಗ್ಗಿ ನೋಡಬೇಕು. ಮೊದಲ ಸಲ ಮಾಡಿದಾಗ ಹೆಂಗಸರೆಲ್ಲ ಗೋಡೆಗೆ ಬೆನ್ನು ಹಚ್ಚಿ ಉಸಿರು ಬಿಗಿಹಿಡಿದು ನಿಂತಿದ್ದರು. ದಿನ ಕಳೆದಂತೆ ಅದೂ ರೂಢಿಯಾಯಿತು. ಈಗ ಅವರಿಗೆ ಸಿಗುವ ವಿಶ್ರಾಂತಿ ಅದೊಂದೇ.

"ಫ್ಯೂಸಣ್ಣಾ, ಕಾಲು ಬಿದ್ದುಹೋಗ್ತಿದೆ. ಇವತ್ತು ಟೆಸ್ಟ್ ಇಲ್ವಾ?" ಎಂದು ಇಸ್ತ್ರಿಯ ಕಡೆಯಿಂದ ಒಬ್ಬಳು ಕೂಗಿದಳು. ಕೂಗಿದ ಮೇಲೆ ಪ್ಯಾನೆಲ್ಲಿನ ಹತ್ತಿರ ನಿಂತವಳನ್ನು ನೋಡಿ ನಾಲಿಗೆ ಕಚ್ಚಿಕೊಂಡಳು.

"ಮಾಡ್ರೀ," ಎಂದಳು ಹೆಂಡತಿ. "ಪಾಪ, ಕೂತ್ಕೊಳ್ಳಲಿ."

ಅವನು ಮೇನ್ ಇಳಿಸಿದ. ಶೆಡ್ಡು ಸುಮ್ಮನಾಯಿತು. ಈಚೆಗೆ ಯಾರೂ "ಹೋಯ್ತು" ಎಂದು ಕೂಗುತ್ತಿರಲಿಲ್ಲ. ಮುಚ್ಚಳ ಜಗ್ಗಿದ, ಬೀಗ ಕದಲಲಿಲ್ಲ. ಹೆಂಗಸರು ಬುಟ್ಟಿ ಬೋರಲು ಹಾಕಿ ಕೂತರು. ನಾದಿನಿ ಚೀಲದಿಂದ ಬ್ರೆಡ್ಡು ತೆಗೆದು ಹಂಚಿದಳು, ಅಕ್ಕನ ಪಾಲನ್ನು ಪ್ಯಾನೆಲ್ಲಿನ ಮೇಲಿಟ್ಟು ಹೋದಳು. ಭಾವನ ಕಾಲೆಳೆಯುವುದನ್ನು ಅವಳು ಬಿಟ್ಟು ಎಷ್ಟೋ ದಿನವಾಗಿತ್ತು.

"ನೀನೂ ಕೂತ್ಕೋ," ಎಂದ ಅವನು.

ಅವಳು ಕೂರಲಿಲ್ಲ. ಮುಚ್ಚಳಕ್ಕೆ ಈಗ ಒಂದು ಗಾಜಿನ ಕಿಂಡಿಯಿತ್ತು. ಅವನು ಬಗ್ಗಿ ನೋಡಿದ. ಒಳಗೆ ಬರೀ ಬಿಳುಪು. ತಿರುಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಅವನು ಕವಚದ ಮೇಲೆ ಅಂಗೈಯಿಟ್ಟ. ಉಕ್ಕಿನ ಸಣ್ಣ ನಡುಕ ಅಂಗೈಗೆ ತಾಗುತ್ತಿತ್ತು. ಬಹಳ ಹೊತ್ತು ತಾಗುತ್ತಲೇ ಇತ್ತು. ಬ್ರೆಡ್ಡು ಮುಗಿಯಿತು. ಯಾರೋ ಆಕಳಿಸಿದರು. ನಡುಕ ತೆಳುವಾಗುತ್ತ ಬಂದು, ಕೊನೆಗೆ ಉಕ್ಕು ಬರೀ ತಣ್ಣನೆಯ ಉಕ್ಕಾಯಿತು.

"ನಿಂತಿತು," ಎಂದ.

"ನಿಮಗೆ," ಎಂದಳು ಅವಳು.

ಅವಳ ಬಲ ತೋಳು, ಉಳಿದಿದ್ದಷ್ಟು, ಪಕ್ಕೆಗೆ ಒತ್ತಿಕೊಂಡು ಸಣ್ಣಗೆ ಅದುರುತ್ತಿತ್ತು. ಅದನ್ನು ಹಿಡಿಯಲು ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಆ ಕಡೆ ಮೇಸ್ತ್ರಿ ಚಪ್ಪಾಳೆ ತಟ್ಟಿ, "ಸಾಕು ಸಾಕು, ಏಳಿ," ಎನ್ನುತ್ತಿದ್ದ. ಹೆಂಗಸರು ಮಂಡಿ ಹಿಡಿದುಕೊಂಡು ಎದ್ದರು. ಎಲೆಕ್ಟ್ರಿಷಿಯನ್ ಹೋಗಿ ಮೇನ್ ಏರಿಸಿದ. ಬೀಗ ಟಕ್ಕೆಂದು ಬಿಟ್ಟಿತು. ಒಬ್ಬಳು ಬಂದು ಬಟ್ಟೆ ಗಾಡಿಗೆ ಎಳೆದುಕೊಂಡು, ಹೊಸ ಒದ್ದೆ ಬಟ್ಟೆ ತುಂಬಿ, ಮುಚ್ಚಳ ಹಾಕಿ ತಲೆಯಾಡಿಸಿದಳು.

ಹೆಂಡತಿ ಎಡಗೈ ಚಾಚಿ ಹಸಿರು ಗುಂಡಿ ಒತ್ತಿದಳು.